ಗಿರಣಿ ಗೋದಾಮಿನಲ್ಲಿ ಎರಡು ದೇಶದ ವಿಡಿಯೊ: ಕೆಲಸ ಕಲಿಸಿದ ಪಾಠ

ಗಂಗಾವತಿ ಕಡೆ ಖಾಲಿ ಬಿದ್ದ ಅಕ್ಕಿ ಗಿರಣಿಯ ಗೋದಾಮು ಸಿಕ್ಕರೆ, ಇಲ್ಲಿಯವರೂ ಹೊರದೇಶದವರೂ ಸೇರಿ ಮಾಡಿದ ವಿಡಿಯೊ ಕಲಾಕೃತಿಗಳ ಪ್ರದರ್ಶನಕ್ಕೆ ಒಳ್ಳೆಯ ಜಾಗವೇ. ನಡುವೆ ಕಂಬ ಕಡಿಮೆ, ಎತ್ತರ ಬೇಕಾದಷ್ಟು. ಆದರೆ ಸಂಜೆ ಪರದೆ ಕಟ್ಟಿ, ರಾತ್ರಿ ಚಿತ್ರ ಹೊಂದಿಸಿ, "ಎಲ್ಲಾ ಆತು" ಎಂದು ಬೀಗ ಹಾಕಿಕೊಂಡು ಹೋದವರಿಗೆ ಮರುದಿನ ಹತ್ತು ಗಂಟೆಗೆ ಪರದೆಯ ಮೇಲೆ ಬೆಳಕಿನ ಬಿಲ್ಲೆಗಳು ಕಾಣುತ್ತವೆ. ತಗಡಿನ ಮೊಳೆ ತೂತುಗಳ ಕರಾಮತ್ತು. ತೂತು ಸೀಳಿರಲಿ, ಚೌಕವಿರಲಿ, ಬಿಲ್ಲೆ ದುಂಡಗೇ ಇರುತ್ತದೆ. ಓರೆಯಾಗಿ ಬಿದ್ದರೆ ಮೊಟ್ಟೆಯಾಕಾರ. ಅದು ಸಣ್ಣ ತೂತಿನ ಮೂಲಕ ಮೂಡಿದ ಸೂರ್ಯನ ಬಿಂಬ. ಹಂಪಿ ವಿರೂಪಾಕ್ಷ ಗುಡಿಯಲ್ಲಿ ರಾಯಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಕಾಣುವುದೂ ಇದೇ ಲೆಕ್ಕದಿಂದ. ತೂತಿನಿಂದ ಪರದೆಗಿರುವ ದೂರವನ್ನು 107ರಿಂದ ಭಾಗಿಸಿದರೆ ಬಿಲ್ಲೆಯ ಅಗಲ ಸಿಗುತ್ತದೆ: 6 ಮೀಟರ್ ದೂರಕ್ಕೆ ಸುಮಾರು ಐದೂವರೆ ಸೆಂಟಿಮೀಟರ್. ಅದು ಗಂಟೆಗೆ ಹತ್ತಿರ ಹತ್ತಿರ ಒಂದೂವರೆ ಮೀಟರ್ ಸರಿಯುತ್ತದೆ, ಹಾಗಾಗಿ ಒಂದು ತೂತು ಇಡೀ ಪರದೆಯನ್ನು ಕೆಡಿಸಬಲ್ಲದು.

ಆದ್ದರಿಂದ ಜಾಗ ನೋಡುವುದು ಹಗಲಲ್ಲೇ ಆಗಬೇಕು. ಹತ್ತು, ಹನ್ನೆರಡು, ಮೂರು ಗಂಟೆಗೆ ದೀಪ ಆರಿಸಿ ಒಳಗೆ ನಿಂತು ತೂತು ಎಣಿಸಿ, ಮೇಲಿನಿಂದ ಎಂ-ಸೀಲ್ ಹಚ್ಚಿಸಿ, ಅದರ ಕೆಳಗೆ ಕಪ್ಪು ತಾಡಪತ್ರಿ ಬಿಗಿಸಿ. ಪ್ರದರ್ಶನದ ವಿಷಯವೇ 'ನೋಡುವುದು' ಎಂದಿದ್ದರೆ ಪಕ್ಕದ ಗೋಡೆಗೆ ಬೀಳುವ ಒಂದು ತೂತನ್ನು ಮುಚ್ಚದೆ ಬಿಡಿ. ಖರ್ಚಿಲ್ಲದ ಕೃತಿ, ಅದೂ ಕರೆಂಟ್ ಹೋದರೂ ನಡೆಯುವಂಥದ್ದು.

ಬೆಳಕಿನ ಲೆಕ್ಕ ಸರಳ. ಲುಮೆನ್ ಅಂದರೆ ಯಂತ್ರ ಚೆಲ್ಲುವ ಒಟ್ಟು ಬೆಳಕು, ಲಕ್ಸ್ ಅಂದರೆ ಒಂದು ಚದರ ಮೀಟರ್ ಮೇಲೆ ಬೀಳುವ ಬೆಳಕು. 3 ಮೀಟರ್ ಅಗಲದ 16:9 ಚಿತ್ರ ಸುಮಾರು 5 ಚದರ ಮೀಟರ್. 4000 ಲುಮೆನ್ ಪ್ರೊಜೆಕ್ಟರ್ ಅದರ ಮೇಲೆ ಸುಮಾರು 800 ಲಕ್ಸ್ ಕೊಡುತ್ತದೆ. ಹೊರಗಿನ ಬೆಳಕು ಪರದೆಯ ಮೇಲೆ 80 ಲಕ್ಸ್ ಬಿದ್ದರೆ ಬಿಳಿಗೂ ಕಪ್ಪಿಗೂ ಹನ್ನೊಂದು ಪಟ್ಟಿನಷ್ಟೇ ವ್ಯತ್ಯಾಸ. ಕಪ್ಪು ಬಟ್ಟೆಯವರು ಬೂದಿ ಬಳಿದುಕೊಂಡಂತೆ ಕಾಣುತ್ತಾರೆ. 10 ಲಕ್ಸ್‌ಗೆ ಇಳಿಸಿದರೆ ಅದೇ ಯಂತ್ರದಲ್ಲಿ ವ್ಯತ್ಯಾಸ ಎಂಬತ್ತು ಪಟ್ಟಿನ ಹತ್ತಿರ ಹೋಗುತ್ತದೆ. ದುಬಾರಿ ಪ್ರೊಜೆಕ್ಟರ್ ಬಾಡಿಗೆಗೆ ತರುವ ಮೊದಲು ತಾಡಪತ್ರಿಗೆ ಖರ್ಚು ಮಾಡಿ. ಥ್ರೋ ರೇಶಿಯೊ (ಪರದೆಗಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ ಸಂಖ್ಯೆ) 1.5 ಇದ್ದರೆ 3 ಮೀಟರ್ ಚಿತ್ರಕ್ಕೆ ನಾಲ್ಕೂವರೆ ಮೀಟರ್ ದೂರ ಬೇಕು. ಕೀಸ್ಟೋನ್ ಗುಂಡಿ ಒತ್ತಿ ಚಿತ್ರ ನೆಟ್ಟಗೆ ಮಾಡಬೇಡಿ, ಅಕ್ಷರಗಳ ಅಂಚು ಮಂಕಾಗುತ್ತದೆ. ಪ್ರೊಜೆಕ್ಟರನ್ನೇ ಪರದೆಗೆ ನೇರವಾಗಿ ಕೂರಿಸಿ.

ಹೊರಗಿನ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಅಲ್ಲಿಂದ ನೇರ ಕತ್ತಲಿಗೆ ಕಾಲಿಟ್ಟವರು ಮೊದಲ ಕೆಲಸ ಮಾಡುವುದೇ ಎಡವುವುದು. ಕಣ್ಣು ಕತ್ತಲಿಗೆ ಚೆನ್ನಾಗಿ ಒಗ್ಗಲು 20–30 ನಿಮಿಷ ಬೇಕು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಎರಡು ತಿರುವಿನ, ಐದಾರು ಮೀಟರ್ ಉದ್ದದ ಕಪ್ಪು ಓಣಿ ಮಾಡಿ, ಮಂದ ದೀಪ ಇಟ್ಟು, ಹಿರಿಯರಿಗೆ ಒಂದು ಬೆಂಚು ಹಾಕಿ. ಹೊಸ್ತಿಲಿಗೆ ಬಿಳಿ ಟೇಪ್ ಅಂಟಿಸಿ. ಮಂದ ಬೆಳಕಿನ ಕೃತಿಯನ್ನು ಕೊನೆಯ ಕೋಣೆಗೆ ಹಾಕಿ.

ಕರೆಂಟಿನ ವಿಷಯದಲ್ಲಿ "ಅರ್ಥಿಂಗ್ ಐತಿ ಬಿಡ್ರಿ ಸಾರ್" ಎಂಬ ಮಾತನ್ನು ನಂಬಬೇಡಿ, ಮೀಟರ್ ಹಿಡಿದು ನೋಡಿ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡು ಮೂರು ವೋಲ್ಟ್ ಮೀರಿದ್ದರೆ ಮೊದಲು ಅದನ್ನು ಸರಿಪಡಿಸಿ. ಗಿರಣಿಗಳಲ್ಲಿ ತ್ರೀ ಫೇಸ್ ಇರುತ್ತದೆ. ನ್ಯೂಟ್ರಲ್ ಸಡಿಲಾದರೆ 230 ಬರಬೇಕಾದಲ್ಲಿ 350 ಬಂದು ಎಲ್ಲಾ ಸುಟ್ಟುಹೋಗಬಹುದು. ಪ್ರೊಜೆಕ್ಟರ್, ಪ್ಲೇಯರ್, ಆಂಪ್ಲಿಫೈಯರ್ ಮೂರೂ ಒಂದೇ ಫೇಸ್, ಒಂದೇ ಬೋರ್ಡ್‌ನಲ್ಲಿರಲಿ, ಇಲ್ಲದಿದ್ದರೆ ಸ್ಪೀಕರ್ ಗುಂಯ್ ಎನ್ನಬಹುದು. ಪ್ರೊಜೆಕ್ಟರುಗಳು ಸಾಮಾನ್ಯವಾಗಿ 40 ಡಿಗ್ರಿಗೆ ಮೇಲೆ ಕೆಲಸ ಮಾಡುವುದಿಲ್ಲ. ರಾಯಚೂರು, ಬಳ್ಳಾರಿಯ ಮೇ ತಿಂಗಳಲ್ಲಿ ತಗಡಿನ ಕೆಳಗೆ ಮಧ್ಯಾಹ್ನದ ಪ್ರದರ್ಶನ ಇಡುವುದೇ ತಪ್ಪು. ಹೊಟ್ಟಿನ ಧೂಳಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ದಿನಾ ರಾತ್ರಿ ಬಿಚ್ಚಿ ಬ್ರಷ್ ಹೊಡೆಯಿರಿ.

ಇಷ್ಟೆಲ್ಲಾ ಗೋದಾಮಿನಲ್ಲಿ ನಿಂತು ಸರಿಪಡಿಸಬಹುದಾದ ಕೆಲಸ. ಚಿತ್ರೀಕರಣದಲ್ಲೇ ಕೆಟ್ಟದ್ದನ್ನು ಇಲ್ಲಿ ಕೂತು ಸರಿಮಾಡಲು ಬರುವುದಿಲ್ಲ. ಒಂದು ಉದಾಹರಣೆ: ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ತೊಗಲುಗೊಂಬೆ ಆಟದ ಮೇಲೆ ಹೊರಗಿನವರ ಕಣ್ಣು ಹೆಚ್ಚೇ ಬಿದ್ದಿದೆ. ಅಮೆರಿಕದ ಕಲಾವಿದರು ಬಂದು ಅಂಥ ಆಟ ಚಿತ್ರೀಕರಿಸುತ್ತಾರೆ ಎನ್ನಿ. ಗೊಂಬೆ ಬಟ್ಟೆಗೆ ಒತ್ತಿಕೊಂಡಾಗ ಗೆರೆ ಗೆರೆಯಾಗಿ ಚುರುಕು, ಹಿಂದೆ ಸರಿದಾಗ ಬಣ್ಣ ಕಲಸಿದಂತೆ ಮಸುಕು. ನೋಡಲು ಅದೇ ಸೊಗಸು. ಪರದೆಯ ಹಿಂದೆ ಅಗ್ಗದ ಎಲ್‌ಇಡಿ ಬಲ್ಬ್ ಇದೆ. ನಮ್ಮ ಕರೆಂಟ್ 50 ಹರ್ಟ್ಸ್, ಆದ್ದರಿಂದ ಅಂಥ ಬಲ್ಬ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಕಾಣದು. ಅವರ ಕ್ಯಾಮೆರಾ ತಮ್ಮೂರಿನ ಅಭ್ಯಾಸದಂತೆ ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ), ಒಂದೊಂದು ಫ್ರೇಮಿಗೆ 1/60 ಸೆಕೆಂಡ್ ಬೆಳಕು ಬಿಡುವ ಶಟರ್‌ನಲ್ಲಿರುತ್ತದೆ. ಮೂವತ್ತರ ಮೂರು ಪಟ್ಟು 90. ನೂರಕ್ಕೂ ಅದಕ್ಕೂ ಹತ್ತರ ಅಂತರ. ಹಾಗಾಗಿ ಚಿತ್ರದಲ್ಲಿ ಸೆಕೆಂಡಿಗೆ 10 ಸಲ ಬೆಳಕು ಬಡಿದುಕೊಳ್ಳುತ್ತದೆ. ನೋಡುವವರ ತಲೆ ನೋಯುತ್ತದೆ, ಅಪಸ್ಮಾರ ಇರುವವರಿಗೆ ಅಪಾಯವೂ ಹೌದು. 24 ಫ್ರೇಮ್ ಆದರೆ ಮಿಣುಕು ಸೆಕೆಂಡಿಗೆ 4. ಶಟರನ್ನು 1/50 ಅಥವಾ 1/100ಕ್ಕೆ ಇಟ್ಟಿದ್ದರೆ ತಕರಾರೇ ಇರುತ್ತಿರಲಿಲ್ಲ. ನಮ್ಮವರು ಅಲ್ಲಿ ಹೋದಾಗ ಲೆಕ್ಕ ತಿರುಗುತ್ತದೆ: 60 ಹರ್ಟ್ಸ್ ಊರಿನಲ್ಲಿ 1/60 ಅಥವಾ 1/120.

ಇದು ಹಳೇ ಜಗಳ. 1984ರ ಜನವರಿ 1ರಂದು ಕೊರಿಯಾ ಮೂಲದ ವಿಡಿಯೊ ಕಲಾವಿದ ನಾಮ್ ಜೂನ್ ಪೈಕ್ ಉಪಗ್ರಹದ ಮೂಲಕ ನ್ಯೂಯಾರ್ಕ್ ಮತ್ತು ಪ್ಯಾರಿಸನ್ನು ಜೋಡಿಸಿದಾಗಲೂ ಒಂದು ಕಡೆ 60 ಹರ್ಟ್ಸ್ ಟಿವಿ, ಇನ್ನೊಂದು ಕಡೆ 50 ಹರ್ಟ್ಸ್ ಟಿವಿ.

ಪ್ರದರ್ಶನದಲ್ಲಿ ಪ್ಲೇಯರ್‌ನ ಔಟ್‌ಪುಟ್ ನೋಡದೆ ಬಿಡುವುದು ಇನ್ನೊಂದು ತಪ್ಪು. 25 ಫ್ರೇಮ್ ಫೈಲನ್ನು ಸೆಕೆಂಡಿಗೆ 60 ಚಿತ್ರ ಕಳಿಸುವ ಔಟ್‌ಪುಟ್‌ನಲ್ಲಿ ಓಡಿಸಿದರೆ ಕೆಲವು ಫ್ರೇಮ್ ಎರಡು ಸಲ, ಕೆಲವು ಮೂರು ಸಲ ಬರುತ್ತವೆ; ತುಂಗಭದ್ರೆಯ ದಡದುದ್ದಕ್ಕೂ ನಿಧಾನ ತಿರುಗುವ ಕ್ಯಾಮೆರಾ ಕುಂಟಿದಂತೆ ಕಾಣುತ್ತದೆ. ಔಟ್‌ಪುಟ್ 50ಕ್ಕೆ ಇಡಿ. ಎರಡು ಪರದೆಯ ಕೃತಿಗೆ ಎರಡು ಬಿಡಿ ಪ್ಲೇಯರ್ ಬೇಡ. ಒಂದೊಂದು ಸುತ್ತಿಗೆ ಒಂದೇ ಫ್ರೇಮ್, ಅಂದರೆ 40 ಮಿಲಿಸೆಕೆಂಡ್ ತಪ್ಪಿದರೂ 12 ನಿಮಿಷದ ಕೃತಿ 8 ಗಂಟೆಯಲ್ಲಿ 40 ಸುತ್ತು ಮುಗಿಸುವಷ್ಟರಲ್ಲಿ 1.6 ಸೆಕೆಂಡ್ ಅಂತರ ಬಿದ್ದಿರುತ್ತದೆ. ಎರಡೂ ಚಿತ್ರಗಳನ್ನು 3840×1080ರ ಒಂದೇ ಫೈಲಾಗಿ ಮಾಡಿ, ಒಂದೇ ಕಂಪ್ಯೂಟರಿನಿಂದ ಎರಡು ಕಡೆಗೆ ಒಡೆದು ಕೊಡುವುದು ನಮ್ಮ ಮಟ್ಟಿಗೆ ಸುಲಭ.

ಇನ್ನು ಭಾಷೆ, ಸಂಕಲನ ಹೊರದೇಶದಲ್ಲಿ ನಡೆಯುವಾಗಿನ ತೊಡಕು. ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ ಅಡಿಬರಹ ಹೊರದೇಶದ ಕಂಪ್ಯೂಟರಿನಲ್ಲಿ ಕಸವಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್‌ಗೆ ಬದಲಿಸಿಯೇ ಕಳಿಸಿ. ಅದಾದ ಮೇಲೂ ಸಂಕಲನದ ತಂತ್ರಾಂಶ ಪ್ರೀಮಿಯರ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಟೆಕ್ಸ್ಟ್ ಎಂಜಿನ್ ಆರಿಸದಿದ್ದರೆ 'ಸ್ತ್ರೀ' ಎಂಬುದು 'ಸ್‌ತ್‌ರೀ' ಆಗಿಬಿಡಬಹುದು, ಕನ್ನಡ ಬಾರದ ಸಂಕಲನಕಾರರಿಗೆ ಎರಡೂ ಒಂದೇ. ಸಾಲುಗಳ ಅಂತರ ಬಿಗಿಯಾದರೆ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಪ್ರತಿ ಅಡಿಬರಹವನ್ನೂ ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರವಾಗಿ ಮಾಡಿ, ಫೈಲ್ ಹೆಸರಲ್ಲೇ ಅದು ಬರಬೇಕಾದ ಹೊತ್ತಿನ ಟೈಮ್‌ಕೋಡ್ ಬರೆದು ಕಳಿಸಿದರೆ ಈ ಮೂರೂ ಗಂಡಾಂತರ ತಪ್ಪುತ್ತವೆ.

ಅಕ್ಷರಕ್ಕಿಂತ ಕಷ್ಟದ್ದು ಮಾತಿನ ಬಾಲ. ನಮ್ಮ ಮಾತಿನಲ್ಲಿ 'ಇಲ್ಲ' ಕಟ್ಟಕಡೆಗೆ ಬರುತ್ತದೆ. ಇಂಗ್ಲಿಷ್ ಕಿವಿಯವರು ಮುಖ್ಯ ಸುದ್ದಿ ಮೊದಲೇ ಬಂತೆಂದು ಕೊನೆಯನ್ನು ಬಿಗಿಯಾಗಿ ಕತ್ತರಿಸುತ್ತಾರೆ. "ಈ ವರ್ಷ ಕಾಲುವೆಗೆ ನೀರು ಬಂದಿಲ್ರಿ" ಎಂದ ರೈತನ ಮಾತು ಪರದೆಯಲ್ಲಿ "ಈ ವರ್ಷ ಕಾಲುವೆಗೆ ನೀರು ಬಂದಿ" ಎಂಬಲ್ಲಿಗೆ ನಿಂತಿರುತ್ತದೆ, ಕೆಳಗೆ ಇಂಗ್ಲಿಷಿನಲ್ಲಿ ಸರಿಯಾದ ಅರ್ಥವೇ ಓಡುತ್ತಿರುತ್ತದೆ. ವಿದೇಶಿ ಪ್ರೇಕ್ಷಕರಿಗೆ ಗೊತ್ತಾಗದು, ಗಂಗಾವತಿಯಲ್ಲಿ ಜನ ನಗುತ್ತಾರೆ. ಪ್ರತಿ ಮಾತಿನ ಕೊನೆಗೆ 12 ಫ್ರೇಮ್ ಬಿಡಬೇಕೆಂದು ಮೊದಲೇ ಬರೆದು ಕೊಡಿ. ಕೊನೆಯ ಫೈಲ್ ಬಂದ ಮೇಲೆ ಇಲ್ಲಿಯವರೊಬ್ಬರು ಚಿತ್ರ ಮುಚ್ಚಿ, ಹೆಡ್‌ಫೋನ್ ಹಾಕಿಕೊಂಡು, ಕತ್ತರಿಸಿದ ಪ್ರತಿ ಜಾಗವನ್ನೂ ಬರೀ ಕಿವಿಯಲ್ಲಿ ಕೇಳಲಿ. 12 ನಿಮಿಷದ ಕೃತಿಗೆ ಅರ್ಧ ಗಂಟೆ ಸಾಕು.