ದಡ ಸೇರಿದ ಮೇಲಿನ ಕೆಲಸ

ಮೀನು ಆಮೇಲೆ, ಮೊದಲು ನೀರಿನಡಿಯ ಮೀನನ್ನು ಸ್ಕ್ರೀನಿನಲ್ಲಿ ತೋರಿಸುವ ಯಂತ್ರ, ಫಿಶ್ ಫೈಂಡರನ್ನು ದೋಣಿಯಿಂದ ಬಿಚ್ಚುತ್ತೇನೆ. ಸಿಹಿನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಸ್ಕ್ರೀನ್ ಒರೆಸುತ್ತೇನೆ. ಒಣಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳೇ ಗೀರು ಹಾಕುತ್ತದೆ. ಅಮೋನಿಯಾ ಇರುವ ಕ್ಲೀನರ್ ಅಂತೂ ಬೇಡವೇ ಬೇಡ, ಸ್ಕ್ರೀನಿನ ಕೋಟಿಂಗ್ ಹಾಳಾಗುತ್ತದೆ.

‘ಐಪಿಎಕ್ಸ್7 ಅಂತ ಬರೆದಿದೆಯಲ್ಲ, ಏನೂ ಆಗಲ್ಲ’ ಎನ್ನುವವರಿದ್ದಾರೆ. ಯಂತ್ರ ಎಷ್ಟು ನೀರು ತಡೆಯುತ್ತದೆ ಎಂದು ಹೇಳುವ ಗುರುತು ಅದು; 1 ಮೀಟರ್ ಆಳದ ನೀರಲ್ಲಿ 30 ನಿಮಿಷದ ಪರೀಕ್ಷೆ ಅಷ್ಟೇ. ವರ್ಷಗಟ್ಟಲೆ ಬಡಿಯುವ ಉಪ್ಪುಗಾಳಿಯ ಮಾತು ಅದರಲ್ಲಿಲ್ಲ. ಬಲೆ ಒಣಗಿಸುವುದನ್ನು ಯಾರೂ ಮರೆಯುವುದಿಲ್ಲ, ಯಂತ್ರವನ್ನು ಮಾತ್ರ ಸುಮ್ನೆ ಬಿಟ್ಟು ಬರುತ್ತೇವೆ. ವಿಚಿತ್ರ ಅಲ್ವಾ?

ಕನೆಕ್ಟರ್ ಪಿನ್ನು ಪೂರ್ತಿ ಒಣಗಿದ ಮೇಲೆಯೇ ಕ್ಯಾಪ್, ಆಮೇಲೆ ಡಬ್ಬಿ. ಒದ್ದೆಯಲ್ಲೇ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಲಿಥಿಯಂ ಬ್ಯಾಟರಿ ಇದ್ದರೆ ಅರ್ಧ ಚಾರ್ಜಲ್ಲಿ ಇಡಿ. ಹೊರಡುವ ಹಿಂದಿನ ರಾತ್ರಿ ಫುಲ್ ಮಾಡಿದರಾಯಿತು.