ಕೀಬೋರ್ಡ್ ಸರಿಸಿದರೆ ಶ್ರುತಿಯೂ ಸರಿಯುತ್ತದೆ

ಹೋದ ವಾರ ನಮ್ಮ ವರ್ಕ್‌ಶಾಪಿಗೆ ಹೊಸದಾಗಿ ಸೇರಿದ ಹುಡುಗಿ ಒಂದು ಪ್ರಶ್ನೆ ಕೇಳಿದಳು. "ಬೆಳಿಗ್ಗೆ ಹಾರ್ಪ್ಸಿಕಾರ್ಡನ್ನು 440ಕ್ಕೆ ಶ್ರುತಿ ಮಾಡಿಟ್ಟಿದ್ದೇವೆ. ಸಂಜೆ ಕೀಬೋರ್ಡನ್ನು ಒಂದು ಮನೆ ಸರಿಸಿದರೆ 415 ಆಗುತ್ತದೆ. ಮತ್ತೆ ನಡುವೆ ಮುಕ್ಕಾಲು ಗಂಟೆ ಹಾಲ್ ಖಾಲಿ ಬೇಕು ಅಂತ ಯಾಕೆ ಕೇಳುತ್ತೀರಿ?" (440, 415 ಅಂದರೆ ಪಾಶ್ಚಾತ್ಯರ ಎ ಸ್ವರ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ. ಮನೆ ಅಂದರೆ ಕೀಬೋರ್ಡಿನ ಒಂದು ಕೀ.) ಒಳ್ಳೆಯ ಪ್ರಶ್ನೆ. ಎಂಟು ವರ್ಷದ ಹಿಂದೆ ನಾನೂ ಇದನ್ನು ಯಾರನ್ನಾದರೂ ಕೇಳಬೇಕಿತ್ತು. ಕೇಳಲಿಲ್ಲ. ಉತ್ತರ ಒಂದು ಕಛೇರಿಯ ಸಂಜೆ, ಬಾಗಿಲು ತೆಗೆಯಲು 35 ನಿಮಿಷ ಇದ್ದಾಗ ಸಿಕ್ಕಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಾನು ನೆದರ್‌ಲೆಂಡ್ಸ್‌ನಲ್ಲಿ ಹಾರ್ಪ್ಸಿಕಾರ್ಡ್ ಶ್ರುತಿ ಮಾಡುವ, ರಿಪೇರಿ ಮಾಡುವ ಕೆಲಸದಲ್ಲಿದ್ದೇನೆ. ಈ ವಾದ್ಯ ನೋಡಲು ಪಿಯಾನೋದ ತೆಳ್ಳಗಿನ ಅಕ್ಕನ ಹಾಗಿದೆ, ಆದರೆ ಒಳಗಿನ ಕೆಲಸವೇ ಬೇರೆ. ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ಹೊಡೆಯುತ್ತದೆ. ಇಲ್ಲಿ ತಂತಿಯನ್ನು ಮೀಟುತ್ತದೆ. ಪ್ರತಿ ಮನೆಯ ಹಿಂದಿನ ತುದಿಯ ಮೇಲೆ ಒಂದು ತೆಳು ಮರದ ಪಟ್ಟಿ ನಿಂತಿರುತ್ತದೆ, ಅದಕ್ಕೆ ಜ್ಯಾಕ್ ಅನ್ನುತ್ತಾರೆ. ಅದರಲ್ಲಿ ಉಗುರಿನ ತುದಿಯಷ್ಟು ಸಣ್ಣ ಮುಳ್ಳು. ಮೊದಲು ಕಾಗೆಯ ಗರಿಯಿಂದ ಮಾಡುತ್ತಿದ್ದರು, ಈಗ ಹೆಚ್ಚಾಗಿ ಪ್ಲಾಸ್ಟಿಕ್. ಮನೆ ಒತ್ತಿದರೆ ಜ್ಯಾಕ್ ಮೇಲೇಳುತ್ತದೆ, ಮುಳ್ಳು ತಂತಿಯನ್ನು ಮೀಟಿ ಹಾಯುತ್ತದೆ. ಫ್ರೆಂಚ್ ಮಾದರಿಯ ದೊಡ್ಡ ವಾದ್ಯದಲ್ಲಿ 61 ಮನೆ, ಒಂದೊಂದಕ್ಕೆ ಮೂರು ತಂತಿ, ಒಟ್ಟು 183. ಎರಡು ಸಾಲು ಸಾಮಾನ್ಯ ಸ್ಥಾಯಿಯಲ್ಲಿ, ಮೂರನೆಯದು ಒಂದು ಸ್ಥಾಯಿ ಮೇಲೆ. ಬಿರಡೆಗಳೂ ಅಷ್ಟೇ, 183.

ನನ್ನ ಅಪ್ಪ ಧಾರವಾಡದಲ್ಲಿ ಪೇಟಿ ರಿಪೇರಿ ಮಾಡುತ್ತಿದ್ದರು. ಹಾರ್ಮೋನಿಯಂ ಅಂತ ಅವರು ಹೇಳಿದ್ದು ನಾನು ಕೇಳಿಯೇ ಇಲ್ಲ, ಯಾವಾಗಲೂ ಪೇಟಿ. ಹಿತ್ತಾಳೆಯ ರೀಡಿನ ತುದಿಯನ್ನು ಸ್ವಲ್ಪ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಒಂದು ರೀಡು ಕೆರೆಯುವುದು, ತಂಬೂರಿ ಮೀಟುವುದು, ಕೇಳುವುದು, ಮತ್ತೆ ಕೆರೆಯುವುದು. ನಾನು ಪಕ್ಕದಲ್ಲಿ ಕೂತು ತಿದಿ ಒತ್ತುತ್ತಿದ್ದೆ. ಒಮ್ಮೆ ಅವರು ತಂಬೂರಿಯ ಮಂದ್ರದ ತಂತಿ ಮೀಟಿ, "ಒಳಗೆ ಗಾಂಧಾರ ಕೇಳಿಸ್ತದೇನು?" ಅಂದರು. ಮೊದಲು ಕೇಳಿಸಲಿಲ್ಲ. ಆಮೇಲೆ ಕೇಳಿಸಿತು. ಯಾರೂ ಮೀಟದ ಸ್ವರ, ಸದ್ದು ಕುಗ್ಗುತ್ತಾ ಬಂದಂತೆ ತಾನಾಗಿ ಎದ್ದು ಬಂತು. ಆಮೇಲೆ ಪೇಟಿಯ ಗಾಂಧಾರ ಒತ್ತಿದರು. ಅದು ಮೇಲಿತ್ತು. ಸಣ್ಣ ವ್ಯತ್ಯಾಸ ಅಲ್ಲ, ಹುಡುಗನ ಕಿವಿಗೂ ಗೊತ್ತಾಗುವಷ್ಟು. ಆಲ್ ಇಂಡಿಯಾ ರೇಡಿಯೋ 1940ರಿಂದ 1971ರ ವರೆಗೆ ಪೇಟಿಯನ್ನು ಹೊರಗಿಟ್ಟಿತ್ತಲ್ಲ, ಅದರ ಹಿಂದಿದ್ದ ವಾದಗಳಲ್ಲಿ ಇದೂ ಒಂದು.

ಅದೇ ಗಾಂಧಾರ ಇಲ್ಲಿಯೂ ನನ್ನ ಕೆಲಸದ ನಡುವಿದೆ. ಅರ್ಧಸ್ವರವನ್ನು ನೂರು ಭಾಗ ಮಾಡಿ, ಒಂದೊಂದನ್ನು ಸೆಂಟ್ ಅನ್ನುತ್ತಾರೆ. ತಂಬೂರಿಯೊಳಗಿನ ಗಾಂಧಾರ ಷಡ್ಜದಿಂದ 386 ಸೆಂಟ್ ಮೇಲೆ. ಇವತ್ತಿನ ಪಿಯಾನೋ, ಪೇಟಿಗಳಲ್ಲಿ 400. ಯಾಕೆ ಹೀಗೆ? ಸದಿಂದ ಪಗೆ ಶುದ್ಧವಾಗಿ ಏರಿ, ಆ ಪವನ್ನೇ ಸ ಮಾಡಿಕೊಂಡು ಮತ್ತೆ ಅದರ ಪಗೆ ಏರಿ, ಹೀಗೆ ಹನ್ನೆರಡು ಸಲ ಮಾಡಿದರೆ ಹೊರಟ ಸ್ವರಕ್ಕೇ ಬಂದು ಸೇರಬೇಕು. ಸೇರುವುದಿಲ್ಲ. ಸುಮಾರು 23.5 ಸೆಂಟ್ ಜಾಸ್ತಿ ಆಗಿರುತ್ತದೆ. ಆ ಹೆಚ್ಚುವರಿಯನ್ನು ಎಲ್ಲಾದರೂ ಕಳೆಯಲೇಬೇಕು. ಎಲ್ಲಿ, ಎಷ್ಟು ಕಳೆಯುತ್ತೀರಿ ಅನ್ನುವುದಕ್ಕೆ ಟೆಂಪರಮೆಂಟ್ ಅಂತ ಹೆಸರು. ಹನ್ನೆರಡಕ್ಕೂ ಸಮವಾಗಿ ಹಂಚಿದರೆ ಇವತ್ತಿನ ಈಕ್ವಲ್ ಟೆಂಪರಮೆಂಟ್. ಯಾವ ಸ್ವರವನ್ನು ಸ ಮಾಡಿಕೊಂಡರೂ ಅದರ ಗಾಂಧಾರ ಒಂದೇ ಸಮ 14 ಸೆಂಟ್ ಮೇಲೆ.

ಹಳಬರಿಗೆ ಅದು ಅಷ್ಟಾಗಿ ಹಿಡಿಸಿರಲಿಲ್ಲ. 1500ರ ದಶಕಗಳಲ್ಲಿ ಎಂಟು ಗಾಂಧಾರಗಳನ್ನು ಪೂರ್ತಿ ಶುದ್ಧ ಇಟ್ಟು, ಕೊಳೆಯನ್ನೆಲ್ಲ ಒಂದೇ ಕಡೆ ಗುಡಿಸಿ ಹಾಕುತ್ತಿದ್ದರು. ಆ ಒಂದು ಸ-ಪ ಎಷ್ಟು ಕೆಟ್ಟದಾಗಿ ಕೂಗುತ್ತದೆ ಅಂದರೆ ಅದಕ್ಕೆ ತೋಳ ಅಂತಲೇ ಹೆಸರು. ಆ ಕಡೆ ಯಾರೂ ಹೋಗುತ್ತಿರಲಿಲ್ಲ. ಬರೋಕ್ ಕಾಲಕ್ಕೆ (ಸುಮಾರು 1600ರಿಂದ 1750) ಬಂದಾಗ ಸಂಗೀತಗಾರರಿಗೆ ಎಲ್ಲ ಶ್ರುತಿಗಳಲ್ಲೂ ಓಡಾಡಬೇಕಿತ್ತು. ಆಗ ನಡುವಿನ ದಾರಿಗಳು ಹುಟ್ಟಿದವು. 1691ರಲ್ಲಿ ಜರ್ಮನಿಯ ವೆರ್ಕ್‌ಮೈಸ್ಟರ್ ತನ್ನ ಪದ್ಧತಿಗಳನ್ನು ಅಚ್ಚು ಹಾಕಿಸಿದ. ಇಟಲಿಯ ಪಾದುವಾದ ಸಂತ ಆಂಟನಿ ಚರ್ಚಿನಲ್ಲಿದ್ದ ವಲ್ಲೊಟ್ಟಿಯ ಹೆಸರಿನಲ್ಲಿ ಇನ್ನೊಂದಿದೆ, ನಾವು ದಿನಾ ಬಳಸುವುದು ಅದನ್ನೇ. ಅದರಲ್ಲಿ ಎಫ್‌ನಿಂದ ಬಿ ವರೆಗಿನ (ಎಫ್-ಸಿ-ಜಿ-ಡಿ-ಎ-ಇ-ಬಿ) ಆರು ಸ-ಪಗಳನ್ನು ಒಂದಿಷ್ಟು ಕುಗ್ಗಿಸುತ್ತೇವೆ, ಉಳಿದ ಆರನ್ನು ಶುದ್ಧವಾಗಿ ಬಿಡುತ್ತೇವೆ. ಹಾಗಾಗಿ ಸಿ, ಎಫ್, ಜಿ ಮೇಜರ್‌ಗಳಲ್ಲಿ, ಅಂದರೆ ಈ ಸ್ವರಗಳನ್ನು ಸ ಮಾಡಿಕೊಂಡಾಗ, ಗಾಂಧಾರ 392, ಸಿಹಿಯಾಗಿರುತ್ತದೆ. ದೂರ ಹೋದಂತೆ ಖಾರ ಏರುತ್ತದೆ. ತೀರಾ ದೂರದ ಎಫ್ ಶಾರ್ಪ್, ಬಿ ಮೇಜರ್‌ಗಳಲ್ಲಿ 408. ಪ್ರತಿ ಶ್ರುತಿಗೂ ಒಂದೊಂದು ಮುಖ ಇರುತ್ತದೆ. ಜರ್ಮನಿಯ ಸಂಗೀತಗಾರ ಬಾಖ್ 1722ರಲ್ಲಿ ಮೇಜರ್-ಮೈನರ್ ಸೇರಿ ಇಪ್ಪತ್ನಾಲ್ಕು ಶ್ರುತಿಗಳಲ್ಲೂ ಬರೆದು ಕೂಡಿಸಿದ ಸಂಗ್ರಹದ ಹೆಸರು ಹೇಳುವುದೂ ಇಷ್ಟೇ: ಚೆನ್ನಾಗಿ ಹದ ಮಾಡಿದ್ದು. ಸಮವಾಗಿ ಹಂಚಿದ್ದು ಅಂತ ಅದರಲ್ಲಿ ಎಲ್ಲೂ ಇಲ್ಲ.

ಇನ್ನು 415ರ ಮಾತು. ಎ ಸ್ವರ 440 ಹರ್ಟ್ಜ್ ಅಂತ ದೇಶಗಳು ಒಪ್ಪಿಕೊಂಡಿದ್ದು 1939ರಲ್ಲಿ, ಲಂಡನ್‌ನಲ್ಲಿ. ಬರೋಕ್ ಕಾಲದಲ್ಲಿ ಒಂದೊಂದು ಊರಿಗೆ ಒಂದೊಂದು ಎ. ಸಂಗೀತಗಾರ ಹ್ಯಾಂಡಲ್‌ನದು ಎನ್ನುವ 1751ರ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) 422.5 ತೋರಿಸುತ್ತದೆ. ಫ್ರಾನ್ಸ್‌ನಲ್ಲಿ 392ರ ಹತ್ತಿರವೂ ನುಡಿಸುತ್ತಿದ್ದರು, ವೆನಿಸ್‌ನಲ್ಲಿ 440ಕ್ಕಿಂತಲೂ ಮೇಲೆ. ಲೈಪ್‌ಜಿಗ್‌ನಲ್ಲಿ ಬಾಖ್‌ನ ಚರ್ಚುಗಳ ಆರ್ಗನ್‌ಗಳು ಉಳಿದ ವಾದ್ಯಗಳಿಗಿಂತ ಒಂದು ಪೂರ್ತಿ ಸ್ವರ ಮೇಲಿದ್ದವು, ಅದಕ್ಕೇ ಆರ್ಗನ್ ನುಡಿಸುವವನ ಹಾಳೆಯನ್ನು ಒಂದು ಸ್ವರ ಕೆಳಗೆ ಬರೆದುಕೊಡುತ್ತಿದ್ದರು. ನಾವೀಗ ಬರೋಕ್ ಶ್ರುತಿ ಅಂತ ಕರೆಯುವ 415 ಈ ಕಾಲದವರು ಮಾಡಿಕೊಂಡ ಒಪ್ಪಂದ. ಜರ್ಮನಿಯ ಆಗಿನ ಒಂದು ಶ್ರುತಿಗೆ ಹತ್ತಿರ ಇದೆ, ಜೊತೆಗೆ 440ಕ್ಕಿಂತ ಸರಿಯಾಗಿ ಅರ್ಧಸ್ವರ ಕೆಳಗಿದೆ. ಆ ಅರ್ಧಸ್ವರದಿಂದ ನಮಗೊಂದು ಅನುಕೂಲ. ಕೀಬೋರ್ಡಿನ ಪಕ್ಕದ ಮರದ ತುಂಡು ತೆಗೆದು, ಇಡೀ ಕೀಬೋರ್ಡನ್ನು ಒಂದು ಮನೆಯಷ್ಟು ಎಡಕ್ಕೆ ಜರುಗಿಸಿ, ತುಂಡನ್ನು ಇನ್ನೊಂದು ಬದಿಗೆ ಹಾಕಿದರೆ ಆಯಿತು. ತಂತಿ, ಜ್ಯಾಕ್‌ಗಳು ಇದ್ದಲ್ಲೇ ಇರುತ್ತವೆ. ಎರಡು ನಿಮಿಷದ ಕೆಲಸ.

ಆ ದಿನ ಮಧ್ಯಾಹ್ನ ಒಂದು ಗಾಯನ ತಂಡದ ಅಭ್ಯಾಸ ಇತ್ತು, ಇವತ್ತಿನ ವಾದ್ಯಗಳ ಜೊತೆ, ಹಾಗಾಗಿ 440. ಸಂಜೆ ಅದೇ ವೇದಿಕೆ, ಅದೇ ಹಾರ್ಪ್ಸಿಕಾರ್ಡ್, ಬೇರೆ ತಂಡ, ಹಳೆಯ ಮಾದರಿಯ ವಾದ್ಯಗಳು, 415. ಮೊದಲಿಗೇ ಬಾಖ್‌ನ ಮೊದಲನೇ ಆರ್ಕೆಸ್ಟ್ರಾ ಸೂಟ್ ಎಂಬ ಕೃತಿ, ಸಿ ಮೇಜರ್. ನಾನು ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಮೂರೂ ಸಾಲು ತಂತಿಗಳನ್ನು ವಲ್ಲೊಟ್ಟಿಗೆ ಸೇರಿಸಿದ್ದೆ. ತುಂಬಾ ಚೆನ್ನಾಗಿ ಕೂತಿತ್ತು. ಮಧ್ಯಾಹ್ನದವರು ಖುಷಿಯಾಗಿ ಹೋದರು. ನಾನು ಕೀಬೋರ್ಡ್ ಸರಿಸಿದೆ, ಎ ಮನೆ ಒತ್ತಿ ಮೀಟರ್ ನೋಡಿದೆ, 415ರ ಆಸುಪಾಸಿನಲ್ಲೇ ನಿಂತಿತು. ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ಒತ್ತಿ ಕೇಳಿದೆ, ಸ್ವಚ್ಛ. ಕಾಫಿ ಕುಡಿಯಲು ಹೋದೆ.

ಕಾಫಿ ಅರ್ಧ ಆಗಿರಲಿಲ್ಲ, ತಂಡದ ಮುಖ್ಯ ವಯಲಿನ್ ವಾದಕಿ ಬಂದು ಕರೆದರು. "ಸ್ವಲ್ಪ ಬಂದು ಕೇಳುತ್ತೀರಾ? ಓಬೋ ಊದುವವರು ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದೆ ಒದ್ದಾಡುತ್ತಿದ್ದಾರೆ." ಹೋದೆ. ಸಿ ಮತ್ತು ಅದರ ಗಾಂಧಾರವಾದ ಇ ಒಟ್ಟಿಗೆ ಒತ್ತಿದೆ.

ಎರಡು ಸ್ವರ ಸರಿಯಾಗಿ ಕೂಡದಿದ್ದರೆ ಸದ್ದು ತೂಗಾಡುತ್ತದೆ. ಅದಕ್ಕೆ ಬೀಟ್ಸ್ ಅನ್ನುತ್ತೇವೆ, ನಮ್ಮ ಕೆಲಸವೆಲ್ಲ ಅದನ್ನು ಎಣಿಸುವುದೇ. ಪೂರ್ತಿ ಶುದ್ಧವಾಗಿದ್ದರೆ ತೂಗಾಟವೇ ಇರುವುದಿಲ್ಲ, ಸದ್ದು ಗಾಜಿನ ಹಾಗೆ ನಿಲ್ಲುತ್ತದೆ. ವಲ್ಲೊಟ್ಟಿಯಲ್ಲಿ ನಡು ಸ್ಥಾಯಿಯ ಸಿ-ಇ ಸೆಕೆಂಡಿಗೆ ಸುಮಾರು ನಾಲ್ಕು ಸಲ, ನಿಧಾನವಾಗಿ, ಉಸಿರಾಡಿದ ಹಾಗೆ ತೂಗುತ್ತದೆ. ಆ ಸಂಜೆ ಅದು ಎಣಿಸಲು ಆಗದಷ್ಟು ಜೋರಾಗಿ ನಡುಗುತ್ತಿತ್ತು, ಸೆಕೆಂಡಿಗೆ ಹದಿನೈದರ ಹತ್ತಿರ. ಹಾರ್ಪ್ಸಿಕಾರ್ಡಿನ ಸದ್ದಿನಲ್ಲಿ ಮೇಲಿನ ಉಪಸ್ವರಗಳು ತುಂಬಾ ಇರುತ್ತವೆ, ಹಾಗಾಗಿ ಕೆಟ್ಟ ಗಾಂಧಾರವನ್ನು ಅದು ಮುಚ್ಚಿಡುವುದಿಲ್ಲ.

ಜಿ-ಬಿ ಒತ್ತಿದೆ, ಅದೂ ಹಾಗೇ. ಎಫ್ ಶಾರ್ಪ್ ಮೇಜರ್ ಒತ್ತಿದೆ. ಬೆಣ್ಣೆ. ಯಾರೂ ನುಡಿಸದ ಎಫ್ ಶಾರ್ಪ್ ಮೇಜರ್ ಅಷ್ಟು ಚೆಂದ! ಆಗ ಅರ್ಥ ಆಯಿತು, ಹೊಟ್ಟೆ ತಣ್ಣಗಾಯಿತು.

ನಾನು ಸಿಹಿ-ಖಾರಗಳು ಮನೆಗಳಲ್ಲಿವೆ ಅಂದುಕೊಂಡಿದ್ದೆ. ಅವು ತಂತಿಗಳಲ್ಲಿವೆ. ಕೀಬೋರ್ಡ್ ಸರಿಸಿದ ಮೇಲೆ ಸಿ ಮನೆ ಒತ್ತಿದರೆ ನುಡಿಯುವುದು ಬೆಳಿಗ್ಗೆ ಬಿ ಆಗಿದ್ದ ತಂತಿ. ಇ ಒತ್ತಿದರೆ ಬೆಳಗಿನ ಡಿ ಶಾರ್ಪ್. ಅಂದರೆ ಸಂಜೆಯ ಸಿ ಮೇಜರ್ ಅನ್ನುವುದು ಬೆಳಗಿನ ಬಿ ಮೇಜರ್, ಇಡೀ ವಾದ್ಯದಲ್ಲಿ ಅತಿ ಖಾರವಾದ 408ರ ಗಾಂಧಾರ. ನಾನು ಜತನದಿಂದ ಕುಗ್ಗಿಸಿದ ಆರು ಸ-ಪಗಳಲ್ಲಿ ಐದು ಕಪ್ಪು ಮನೆಗಳ ಕಡೆಗೆ ಹೋಗಿ ಕೂತಿದ್ದವು. ಸಿ, ಜಿ, ಡಿ, ಎ, ಇ ಎಲ್ಲವೂ ಒಂದಕ್ಕೊಂದು ಶುದ್ಧ, ಹಾಗಾಗಿ ಸಿ, ಜಿ, ಡಿಗಳ ಗಾಂಧಾರಗಳು ಹಾಳು. ಎ ಒಂದನ್ನೇ ಮೀಟರಿನಲ್ಲಿ ನೋಡಿದರೆ ಇದು ಗೊತ್ತಾಗುವುದೇ ಇಲ್ಲ. ಈಕ್ವಲ್ ಟೆಂಪರಮೆಂಟ್ ಆಗಿದ್ದರೆ ಎಲ್ಲ ಮನೆಗಳೂ ಒಂದೇ, ಎಲ್ಲಿಗೆ ಸರಿಸಿದರೂ ವ್ಯತ್ಯಾಸ ಇರುತ್ತಿರಲಿಲ್ಲ. ಅಪ್ಪನ ಪೇಟಿಗಳಲ್ಲಿ ಸ್ಕೇಲ್‌ ಚೇಂಜರ್ ಇದ್ದವೂ ಬರುತ್ತಿದ್ದವು, ಸರಿಸಿದರೆ ಏನೂ ಆಗುತ್ತಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಬಹುಶಃ ಅದೇ.

ವಾದಕಿಗೆ ಸುತ್ತಿ ಬಳಸಿ ಹೇಳಲಿಲ್ಲ. "ತಪ್ಪು ನನ್ನದು, ಶ್ರುತಿ ಜರುಗಿದೆ, ಮೇಲಿನ ಸ್ಥಾಯಿಯ ಸಾಲು ಇವತ್ತು ಬೇಡ, ಉಳಿದ ಎರಡನ್ನು ಸರಿ ಮಾಡುತ್ತೇನೆ, ಎಲ್ಲರೂ ಹೊರಗೆ ಹೋಗಬೇಕು" ಅಂದೆ. ಅವರು ಒಂದು ಮಾತೂ ಆಡದೆ ಎಲ್ಲರನ್ನೂ ಕರೆದುಕೊಂಡು ಹೋದರು. ಅದನ್ನು ನಾನು ಮರೆಯುವುದಿಲ್ಲ. 122 ತಂತಿ, 35 ನಿಮಿಷ. ಬಾಖ್ ತನ್ನ ಹಾರ್ಪ್ಸಿಕಾರ್ಡನ್ನು ಕಾಲು ಗಂಟೆಯೊಳಗೆ ಶ್ರುತಿ ಮಾಡುತ್ತಿದ್ದ ಅಂತ ಅವನ ಮೊದಲ ಜೀವನಚರಿತ್ರೆ ಬರೆದ ಫೋರ್ಕೆಲ್ 1802ರಲ್ಲಿ ಹೇಳಿದ್ದಾನೆ. ನನ್ನ ಕೈ ಅಷ್ಟು ಓಡುವುದಿಲ್ಲ.

ಶ್ರುತಿಕವೆ ಬಡಿದು ಎ ಹಿಡಿದೆ. ಎ-ಇಯನ್ನು ಮೊದಲು ಶುದ್ಧ ಮಾಡಿ, ತೂಗಾಟ ನಿಂತ ಮೇಲೆ ಬಿರಡೆಯ ಕೀಲಿಯನ್ನು ತಿರುಗಿಸುವುದಕ್ಕಿಂತ ಒರಗಿಸಿದೆ ಅನ್ನಬಹುದು, ಅಷ್ಟು ಕಡಿಮೆ. ಇ ಒಂದು ಎಳೆ ಕೆಳಗೆ ಬಂತು, ಐದು ಸೆಕೆಂಡಿಗೆ ಏಳು ತೂಗು. ಅಲ್ಲಿಂದ ಇ-ಬಿ, ಆಮೇಲೆ ಹಿಂದಕ್ಕೆ ಡಿ, ಜಿ, ಸಿ, ಎಫ್. ಸಿ-ಇ ಒತ್ತಿ ನೋಡಿದೆ. ನಾಲ್ಕು. ಅಲ್ಲಿಂದಾಚೆಗೆ ಕೈ ತಾನಾಗಿ ಓಡಿತು. ಒಂದು ವಿಷಯ ನನ್ನ ಪರವಾಗಿತ್ತು: ಯಾವ ತಂತಿಯನ್ನೂ ಹತ್ತು ಸೆಂಟ್‌ಗಿಂತ ಜಾಸ್ತಿ ಅಲುಗಿಸಬೇಕಿರಲಿಲ್ಲ. ಇಡೀ ಅರ್ಧಸ್ವರ ಇಳಿಸಿದ್ದರೆ ತಂತಿ, ಮರ ಎರಡೂ ಗಂಟೆಗಟ್ಟಲೆ ಜರುಗುತ್ತಲೇ ಇರುತ್ತಿದ್ದವು. ಇಷ್ಟು ಕಡಿಮೆ ಆದ್ದರಿಂದ ನಿಂತಿತು. ಕೊನೆಯ ಸ್ಥಾಯಿ ಮಾಡುವಾಗ ಜನ ಒಳಗೆ ಬರುತ್ತಿದ್ದರು. ಕೋಟು ತೆಗೆಯುವ ಸದ್ದು, ಕುರ್ಚಿ ಎಳೆಯುವ ಸದ್ದು. ಕಿವಿಯನ್ನು ತಂತಿಯ ಹತ್ತಿರ ಒಯ್ದು ಮುಗಿಸಿದೆ. ಸೂಟ್ ಶುರುವಾದಾಗ ಹಿಂದೆ ಕಂಬದ ಪಕ್ಕ ನಿಂತು ಮೊದಲ ಸಿ ಮೇಜರ್ ಕೇಳುವವರೆಗೆ ಉಸಿರು ಬಿಟ್ಟಿರಲಿಲ್ಲ.

ಮರುದಿನ ವರ್ಕ್‌ಶಾಪಿನ ಹಿರಿಯರಿಗೆ ಎಲ್ಲ ಹೇಳಿದೆ. ನಲವತ್ತು ವರ್ಷ ಈ ಕೆಲಸ ಮಾಡಿದವರು. ಬೈಯಲಿಲ್ಲ. "ಹಾಗಾದರೆ ಬೆಳಿಗ್ಗೆಯೇ 415ರ ಜಾಗಕ್ಕೆ ವಲ್ಲೊಟ್ಟಿ ಮಾಡಿದ್ದರೆ?" ಅಂತ ಕೇಳಿದರು. ಯೋಚಿಸಿದೆ. ಆಗ ಮಧ್ಯಾಹ್ನದವರ ಸಿ ಮೇಜರ್ ಹಾಳಾಗುತ್ತಿತ್ತು, ಯಾಕೆಂದರೆ 440ಕ್ಕೆ ಸರಿಸಿದರೆ ಸಿ ಮನೆಗೆ ಸಿ ಶಾರ್ಪ್ ತಂತಿ ಬರುತ್ತದೆ, ಅಲ್ಲಿಯೂ 408. ಯಾವ ಕಡೆಯಿಂದ ಬಂದರೂ ಒಬ್ಬರಿಗೆ ನಷ್ಟ. ಇರುವುದು ಎರಡೇ ದಾರಿ. ದಿನವಿಡೀ ಈಕ್ವಲ್ ಟೆಂಪರಮೆಂಟ್ ಇಡುವುದು, ಇಲ್ಲ ನಡುವೆ ಸಮಯ ಕೇಳುವುದು. ಮೊದಲನೆಯದು ಸುಲಭ, ತುಂಬಾ ಕಡೆ ಅದನ್ನೇ ಮಾಡುತ್ತಾರೆ. ನನಗೆ ಒಗ್ಗುವುದಿಲ್ಲ. ಬರೋಕ್ ಸಂಗೀತದಲ್ಲಿ ಸಿಹಿಯಿಂದ ಖಾರಕ್ಕೆ ಹೋಗಿ ಮರಳಿ ಮನೆಗೆ ಬರುವುದೇ ಅರ್ಧ ಸೊಗಸು, ಅದನ್ನು ತೆಗೆದು ಎಲ್ಲದಕ್ಕೂ ಒಂದೇ ಸಾರು ಬಡಿಸಿದರೆ ಹೇಗೆ?

ಈಗ ಯಾರಾದರೂ ಬುಕ್ ಮಾಡಲು ಫೋನ್ ಮಾಡಿ "415, ವಲ್ಲೊಟ್ಟಿ" ಅಂದರೆ ನಾನು ಅಲ್ಲಿಗೆ ನಿಲ್ಲಿಸುವುದಿಲ್ಲ. ಅವತ್ತು ಅದೇ ವಾದ್ಯವನ್ನು ಬೇರೆ ಯಾರು ನುಡಿಸುತ್ತಾರೆ, ಯಾವ ಶ್ರುತಿಯಲ್ಲಿ, ಕೀಬೋರ್ಡ್ ಸರಿಸುವುದು ಇದೆಯಾ, ಕೃತಿಗಳು ಯಾವ ಯಾವ ಮೇಜರ್-ಮೈನರ್‌ನಲ್ಲಿವೆ, ಕಛೇರಿಗೆ ಎಷ್ಟು ಹೊತ್ತಿನ ಮುಂಚೆ ವೇದಿಕೆಯ ದೀಪ ಹಾಕುತ್ತಾರೆ. ದೀಪದ ಬಿಸಿಗೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ, ಹಾಗಾಗಿ ಅದೇ ದೀಪದ ಕೆಳಗೇ ಶ್ರುತಿ ಮಾಡಬೇಕು. ಕೀಬೋರ್ಡ್ ಸರಿಸಿದ ಮೇಲೆ ಎ ಒಂದನ್ನೇ ನೋಡುವುದಿಲ್ಲ, ಸಿ-ಇ ಒತ್ತಿ ಎಣಿಸುತ್ತೇನೆ. ಆ ಮರದ ತುಂಡಿಗೆ ಒಂದು ಚೀಟಿ ಅಂಟಿಸಿದ್ದೇನೆ, ಯಾವ ಜಾಗಕ್ಕೆ ಶ್ರುತಿ ಮಾಡಿದೆ ಅಂತ ಪೆನ್ಸಿಲ್‌ನಲ್ಲಿ ಬರೆದಿರುತ್ತದೆ.

ಹುಡುಗಿಗೆ ಇಷ್ಟು ಹೇಳಿ, ವರ್ಕ್‌ಶಾಪಿನ ವಾದ್ಯದಲ್ಲಿ ಅವಳ ಕೈಯಿಂದಲೇ ಕೀಬೋರ್ಡ್ ಸರಿಸಿಸಿದೆ. ಸಿ-ಇ ಒತ್ತಿದಳು. ಮುಖ ಕಿವುಚಿತು. ಎಫ್ ಶಾರ್ಪ್ ಒತ್ತು ಅಂದೆ. ಒತ್ತಿ ನಕ್ಕಳು. ಶನಿವಾರ ಮತ್ತೆ ಅಂಥದ್ದೇ ಒಂದು ದಿನ ಇದೆ, ಮಧ್ಯಾಹ್ನ 440, ಸಂಜೆ 415. ವೇಳಾಪಟ್ಟಿಯಲ್ಲಿ ನಾಲ್ಕರಿಂದ ನಾಲ್ಕೂಮುಕ್ಕಾಲು ಹಾಲ್ ಖಾಲಿ ಅಂತ ಅವಳೇ ಬರೆದು ಕಳಿಸಿದ್ದಾಳೆ.