ಗಾಡಿಗೆ ತಾನಾಗಿ ಹುಟ್ಟುವ ಕಂಟ್ರೋಲರ್: ಕೆಲಸ ಎಲ್ಲಿಗೆ ಬಂತು

1 ಮೀಟರ್ ಉದ್ದದ ಹಳಿ, ಅದರ ಮೇಲೊಂದು ಪುಟ್ಟ ಮೋಟಾರ್ ಗಾಡಿ. ಗಾಡಿ ಯಾವ ತುದಿಗೂ ಬಡಿಯಬಾರದು. ನಿಯಮ ಇಷ್ಟೇ. ಇದಕ್ಕೆ ಬೇಕಾದ ಕೋಡನ್ನು ನಾನು ಬರೆಯುತ್ತಿಲ್ಲ. ಗಾಡಿ ಹೇಗೆ ಓಡುತ್ತದೆ, ಏನಾಗಬಾರದು, ಇವೆರಡನ್ನು ಕೊಟ್ಟರೆ ಮೋಟಾರಿಗೆ ಆದೇಶ ಕೊಡುವ ಕಂಟ್ರೋಲರ್ ತಾನಾಗಿ ಹೊರಬರಬೇಕು. ಅದು ತಪ್ಪುವುದಿಲ್ಲ ಎಂಬ ಖಾತರಿಯೂ ಜೊತೆಗೇ ಬರಬೇಕು. ಆಸೆ ಹಳೆಯದು. ತರ್ಕದಲ್ಲಿ ಬರೆದ ಬೇಡಿಕೆಯಿಂದ ನೇರವಾಗಿ ಸರ್ಕ್ಯೂಟ್ ಪಡೆಯಬಹುದಾ ಎಂದು ತರ್ಕಶಾಸ್ತ್ರಜ್ಞ ಅಲೊನ್ಜೊ ಚರ್ಚ್ 1957ರಲ್ಲೇ ಕೇಳಿದ್ದರು. ಈಗ ಇಂಥ ಕಂಟ್ರೋಲರ್ ಹುಟ್ಟಿಸುವ ಸ್ಕಾಟ್ಸ್, ಪೆಸೋವಾ ಥರದ ಸಾಫ್ಟ್‌ವೇರ್ ಸಲಕರಣೆಗಳಿವೆ. ಆದರೆ ಒಳಗೆ ಏನು ನಡೆಯುತ್ತದೆ ಎಂದು ನನಗೆ ಪೂರ್ತಿ ತಿಳಿಯಬೇಕು. ಹಾಗಾಗಿ ಮೊದಲಿನಿಂದ ಬರೆಯುತ್ತಿದ್ದೇನೆ.

ವಿಧಾನ ಸರಳ. ಹಳಿಯನ್ನು 5 ಮಿ.ಮೀ. ತುಂಡುಗಳಾಗಿ, ವೇಗವನ್ನು ಸೆಕೆಂಡಿಗೆ 20 ಮಿ.ಮೀ. ಪಟ್ಟಿಗಳಾಗಿ ಕತ್ತರಿಸಿದೆ. ವೇಗದ ಮಿತಿ ಎರಡೂ ದಿಕ್ಕಿಗೆ ಸೆಕೆಂಡಿಗೆ 1 ಮೀಟರ್. ಒಂದು ತುಂಡು, ಒಂದು ಪಟ್ಟಿ ಸೇರಿದರೆ ಒಂದು ಚೌಕ. ಒಟ್ಟು 200 × 100, ಅಂದರೆ 20,000 ಚೌಕ. ಮೋಟಾರಿಗೆ ಮೂರೇ ಆದೇಶ: ಎಡಕ್ಕೆ ತಳ್ಳು, ಸುಮ್ಮನಿರು, ಬಲಕ್ಕೆ ತಳ್ಳು. ಮೊದಲು ಎಲ್ಲ ಚೌಕಗಳೂ ಸುರಕ್ಷಿತ ಎಂದುಕೊಳ್ಳುತ್ತೇನೆ. ಯಾವ ಆದೇಶ ಕೊಟ್ಟರೂ ಗಾಡಿ ಹೊರಗೆ ಹೋಗುವ ಸಾಧ್ಯತೆ ಇರುವ ಚೌಕಗಳನ್ನು ಅಳಿಸುತ್ತೇನೆ. ಅವು ಅಳಿದ ಮೇಲೆ ಇನ್ನಷ್ಟು ಚೌಕಗಳು ಅಪಾಯಕ್ಕೆ ಸಿಗುತ್ತವೆ. ಅವನ್ನೂ ಅಳಿಸುತ್ತೇನೆ. ಅಳಿಸಲು ಏನೂ ಇಲ್ಲದಾಗ ಉಳಿದದ್ದೇ ಸುರಕ್ಷಿತ ಜಾಗ. ಅಲ್ಲಿ ಪ್ರತಿ ಚೌಕಕ್ಕೂ ಕನಿಷ್ಠ ಒಂದು ಒಳ್ಳೆಯ ಆದೇಶ ಇದ್ದೇ ಇರುತ್ತದೆ.

ಈ ಸಲ ಜಾಸ್ತಿ ಹೊತ್ತು ಹಿಡಿದದ್ದು ಎಷ್ಟು ಹೊತ್ತಿಗೊಮ್ಮೆ ಆದೇಶ ಕೊಡಬೇಕು ಎಂಬ ಪ್ರಶ್ನೆ. ಬೇಗ ಬೇಗ ಕೊಟ್ಟಷ್ಟೂ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? 10 ಮಿಲಿಸೆಕೆಂಡ್ ಇಟ್ಟು ನೋಡಿದೆ. ಒಂದು ಚೌಕವೂ ಉಳಿಯಲಿಲ್ಲ! ಕಾರಣ ಲೆಕ್ಕದಲ್ಲೇ ಇದೆ. ನನ್ನ ಮೋಟಾರಿನ ವೇಗೋತ್ಕರ್ಷ ಎಷ್ಟೆಂದರೆ, ಒಂದು ಸೆಕೆಂಡಿನಲ್ಲಿ ವೇಗ ಸೆಕೆಂಡಿಗೆ 1 ಮೀಟರ್‌ನಷ್ಟು ಬದಲಾಗುತ್ತದೆ. 10 ಮಿಲಿಸೆಕೆಂಡಿನಲ್ಲಿ ವೇಗ ಸೆಕೆಂಡಿಗೆ 10 ಮಿ.ಮೀ. ಮಾತ್ರ ಬದಲಾಗುತ್ತದೆ, ಅಂದರೆ ಅರ್ಧ ಪಟ್ಟಿ. ಗಾಡಿ ಪಟ್ಟಿಯ ಯಾವ ಭಾಗದಲ್ಲಿದೆ ಎಂದು ಪ್ರೋಗ್ರಾಂಗೆ ಗೊತ್ತಿಲ್ಲ. ಹಾಗಾಗಿ ಬ್ರೇಕ್ ಒತ್ತಿದರೂ, ಅಂದರೆ ಎದುರು ದಿಕ್ಕಿಗೆ ತಳ್ಳಿದರೂ, ‘ಅದೇ ಪಟ್ಟಿಯಲ್ಲಿ ಉಳಿದಿರಬಹುದು’ ಎಂದೇ ಅದು ಹಿಡಿಯುತ್ತದೆ. ಮತ್ತೆ ಒತ್ತಿದರೂ ಅದೇ ಮಾತು. ಅದರ ಲೆಕ್ಕದಲ್ಲಿ ಗಾಡಿ ನಿಧಾನವಾಗುವುದೇ ಇಲ್ಲ. 100 ಮಿಲಿಸೆಕೆಂಡ್ ಇಟ್ಟಾಗ ವೇಗ ಸರಿಯಾಗಿ 5 ಪಟ್ಟಿ ಸರಿಯುತ್ತದೆ. ಸ್ಥಾನ 2 ಅಥವಾ 3 ಚೌಕಗಳಿಗೆ ಹರಡುತ್ತದೆ, ಅಷ್ಟೇ. ಸುರಕ್ಷಿತ ಜಾಗ ಚೆನ್ನಾಗಿ ಮೂಡಿತು.

ಅವಧಿ ಉದ್ದವಾದಾಗ ಇನ್ನೊಂದು ಕಡೆ ಕಣ್ಣಿಡಬೇಕು. ಎರಡು ಆದೇಶಗಳ ನಡುವೆ ಗಾಡಿ ಗೋಡೆ ದಾಟಿ ವಾಪಸ್ ಬಂದರೆ, ಯಾವ ಚೌಕಕ್ಕೆ ಯಾವ ಆದೇಶ ಎಂದು ಹೇಳುವ ಟೇಬಲ್‌ಗೆ ಅದು ಕಾಣುವುದೇ ಇಲ್ಲ. ಲೆಕ್ಕ ಹಾಕಿದೆ. ಸೆಕೆಂಡಿಗೆ 50 ಮಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದಾಗ ಈ ಮುನ್ನುಗ್ಗುವಿಕೆ ಅತಿ ಹೆಚ್ಚು, 1.25 ಮಿ.ಮೀ. ಎರಡೂ ತುದಿಯಲ್ಲಿ ಹಳಿಯ ಒಂದೊಂದು ತುಂಡು ಬಿಟ್ಟುಕೊಟ್ಟೆ. ಅಲ್ಲಿಗೆ ಆ ಚಿಂತೆ ಮುಗಿಯಿತು.

ಈ ಅಳತೆಗಳಿಂದ ಇನ್ನೊಂದು ಲಾಭವಿದೆ. ಟೇಬಲಿನ ಎಲ್ಲ ಲೆಕ್ಕವೂ ಮಿ.ಮೀ. ಪೂರ್ಣಾಂಕಗಳಲ್ಲೇ ನಡೆಯುತ್ತದೆ, ದಶಮಾಂಶ ಬೇಕಾಗುವುದಿಲ್ಲ. ಇದನ್ನು ನಾನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. 0.1 ಎಂಬ ಸಂಖ್ಯೆಯನ್ನು ಬೈನರಿಯಲ್ಲಿ ಪೂರ್ತಿ ನಿಖರವಾಗಿ ಬರೆಯಲು ಆಗುವುದಿಲ್ಲ. 1991ರಲ್ಲಿ ಸೌದಿ ಅರೇಬಿಯಾದ ದಹ್ರಾನ್‌ನಲ್ಲಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸಮಯವನ್ನು ಹತ್ತನೇ ಒಂದು ಸೆಕೆಂಡ್‌ಗಳಲ್ಲಿ ಎಣಿಸುತ್ತಿತ್ತು. ಸುಮಾರು 100 ಗಂಟೆ ಓಡಿದ ಮೇಲೆ ಲೆಕ್ಕ 0.34 ಸೆಕೆಂಡಿನಷ್ಟು ತಪ್ಪಿತ್ತು. ಬಂದ ಸ್ಕಡ್ ಕ್ಷಿಪಣಿಯನ್ನು ಅದು ತಡೆಯಲಿಲ್ಲ. 28 ಸೈನಿಕರು ಸತ್ತರು. ಸೂತ್ರ ಸರಿಯಿದ್ದರೆ ಸಾಲದು. ಯಂತ್ರ ಆ ಸೂತ್ರವನ್ನು ಹೇಗೆ ಲೆಕ್ಕ ಹಾಕುತ್ತದೆ ಎಂಬುದೂ ಖಾತರಿಯ ಒಳಗೇ ಬರಬೇಕು.

ಫಲಿತಾಂಶವನ್ನು ಪರೀಕ್ಷಿಸಲು ಈ ಗಾಡಿಯಲ್ಲಿ ಒಂದು ಅನುಕೂಲವಿದೆ: ಉತ್ತರ ಕೈಲೆಕ್ಕಕ್ಕೂ ಸಿಗುತ್ತದೆ. ಗೋಡೆಗೆ ಉಳಿದಿರುವ ದೂರದ ಎರಡು ಪಟ್ಟನ್ನು ವೇಗೋತ್ಕರ್ಷದಿಂದ ಗುಣಿಸಿದಾಗ ಬರುವ ಗುಣಲಬ್ಧವನ್ನು ವೇಗದ ವರ್ಗ ಮೀರಬಾರದು. 20 ಸೆಂ.ಮೀ. ಉಳಿದಿದ್ದರೆ ಸೆಕೆಂಡಿಗೆ ಸುಮಾರು 63 ಸೆಂ.ಮೀ. ಮಿತಿ. ಪ್ರೋಗ್ರಾಂ ಕೊಟ್ಟ ಜಾಗ ಪೂರ್ತಿಯಾಗಿ ಈ ಗೆರೆಯ ಒಳಗಿದೆ. ಒಂದೇ ಚೌಕ ಹೊರಗಿದ್ದರೂ ಕೋಡಿನಲ್ಲಿ ಬಗ್ ಇದೆ ಎಂದರ್ಥ. ಹಾಗಾಗಿ ಪ್ರತಿ ಸಲವೂ ಈ ಪರೀಕ್ಷೆ ತಾನಾಗಿ ಓಡುತ್ತದೆ.

ಟೇಬಲ್ ಚಿಕ್ಕದು. ಮೂರು ಆದೇಶ ಮತ್ತು ‘ಹೊರಗೆ’ ಎಂಬ ಗುರುತಿಗೆ ಚೌಕಕ್ಕೆ 2 ಬಿಟ್ ಸಾಕು. ಒಟ್ಟು 5,000 ಬೈಟ್. ಸಣ್ಣ ಮೈಕ್ರೋಕಂಟ್ರೋಲರ್‌ನಲ್ಲೂ ಹಿಡಿಸುತ್ತದೆ. ಗಾಡಿಯ ಮೇಲೆ ಲೋಲಕ ನಿಲ್ಲಿಸಿದರೆ ಮಾತೇ ಬೇರೆ. ಆಗ ನಾಲ್ಕು ಅಳತೆ, ಒಂದೊಂದಕ್ಕೆ 100 ಭಾಗ ಮಾಡಿದರೂ 10 ಕೋಟಿ ಚೌಕ. ಅದಕ್ಕೆ ಈಗಲೇ ಕೈ ಹಾಕುವುದಿಲ್ಲ.

ಸದ್ಯದ ಕೆಲಸ ಸೆನ್ಸರ್. ವೇಗವನ್ನು ನೇರವಾಗಿ ಅಳೆಯುತ್ತಿಲ್ಲ. ಎರಡು ಸ್ಥಾನಗಳ ವ್ಯತ್ಯಾಸದಿಂದ ತೆಗೆಯಬೇಕು. ಸ್ಥಾನ ಅಳೆಯುವ ಎನ್‌ಕೋಡರ್ 1 ಮಿ.ಮೀ. ತನಕ ಓದಿದರೆ, 100 ಮಿಲಿಸೆಕೆಂಡಿನ ವ್ಯತ್ಯಾಸದಲ್ಲಿ ವೇಗ ಸೆಕೆಂಡಿಗೆ 10 ಮಿ.ಮೀ. ಆಚೀಚೆ ಆಗಬಹುದು. ಆಗ ಗಾಡಿ ಅಕ್ಕಪಕ್ಕದ ಎರಡು ಪಟ್ಟಿಗಳಲ್ಲಿ ಯಾವುದರಲ್ಲಿದೆ ಎಂದು ಹೇಳಲು ಬರುವುದಿಲ್ಲ. ಎರಡಕ್ಕೂ ಒಪ್ಪುವ ಆದೇಶ ಬೇಕು, ಅಂಥದ್ದು ಎಲ್ಲ ಕಡೆ ಇರುತ್ತದೆ ಎಂದು ಸುಮ್ನೆ ನಂಬುವ ಹಾಗಿಲ್ಲ. ಅದಕ್ಕೇ ಅಳಿಸುವ ನಿಯಮದೊಳಗೇ ಈ ಷರತ್ತನ್ನು ಸೇರಿಸುತ್ತಿದ್ದೇನೆ. ಹೊಸ ಜಾಗ ಎಷ್ಟು ಕುಗ್ಗುತ್ತದೆ ಎಂದು ನೋಡಿಯೇ ಟೇಬಲನ್ನು ಮೋಟಾರಿಗೆ ಜೋಡಿಸುತ್ತೇನೆ.